ಬಲೆಯ ದಾರದ ಹೊಲಿಗೆ

ಅಕ್ಕನಿಗೆ,

ಹೊಸ ಮನೆಯ ಹಜಾರದಲ್ಲಿ ಅಪ್ಪನ ಹಳೇ ಫೋಟೋ ಹಾಕಿದ್ದೀಯಂತೆ. ದೋಣಿಯ ಪಕ್ಕ ಅಪ್ಪನ ಹೆಗಲೇರಿ ಕೂತ, ಹೂವಿನ ಫ್ರಾಕಿನ ಹುಡುಗಿಯ ಬಗ್ಗೆ, "ಬಂದೋರಿಗೆಲ್ಲ ತೋರಿಸಿ ‘ಇದು ನಾನೇ’ ಅಂತಾಳೆ" ಎಂದು ಅಮ್ಮ ಹೆಮ್ಮೆಯಿಂದ ಹೇಳಿದಳು.

ಕನ್ನಡಕ ಹಾಕಿಕೊಂಡು ಆ ಫ್ರಾಕಿನ ಅಂಚು ನೋಡು. ಬಲೆ ಹೆಣೆಯುವ ದಪ್ಪ ದಾರದ ಹೊಲಿಗೆ ಕಾಣುತ್ತದೆ. ಬೇಲಿ ಹಾರಿ ನೀನು ಹರಿದುಕೊಂಡ ಮೇಲೆ, ಅಪ್ಪ ಹೊಲಿದು ನನಗೆ ತೊಡಿಸಿದ್ದು ಅದು.

ನಿನ್ನ ಹಳೇ ಬಟ್ಟೆ, ಸವೆದ ಚಪ್ಪಲಿ ಎಲ್ಲವನ್ನೂ ತುಟಿಪಿಟಕ್ಕೆನ್ನದೆ ಹಾಕಿಕೊಂಡು ಬೆಳೆದೆ. ನನಗೆ ಹೊಟ್ಟೆಕಿಚ್ಚು ಎಂದರೆ ಹೌದು, ಇದೆ.

ಫೋಟೋ ನೀನೇ ಇಟ್ಟುಕೋ. ಉಪ್ಪುಗಾಳಿ ಬಡಿಯದ ಗೋಡೆಗೆ ಹಾಕು. ಬಂದವರಿಗೆ ಮಾತ್ರ, "ಫ್ರಾಕು ನಂದು, ಹುಡುಗಿ ನನ್ ತಂಗಿ" ಅನ್ನು.

ಇಂತಿ,
ಹೆಗಲ ಮೇಲಿದ್ದವಳು