ಮೊದಲು ಎದ್ದವನು ಸೋತ

ನನ್ನ ಪಕ್ಕದ ಸೀಟಿನ ಗೆಳೆಯ ಗಂಗಾಧರನಿಗೆ,

ಗಂಗ, ನನಗೆ ಹೆದರಿಕೆಯಾಗಿದೆ ಕಣೋ. ಹನ್ನೊಂದು ವರ್ಷದಿಂದ ಆಗುತ್ತಲೇ ಇದೆ. ಆದರೆ ಕಳೆದ ಭಾನುವಾರ ಅದು ನಮ್ಮ ಮನೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೇ ಬಂದು ಕೂತಿತು. ಬಂದವಳು ನಿನ್ನ ಮಗಳು ಶ್ವೇತ. ನೀನು ಹೋದಾಗ ಏಳು ವರ್ಷದವಳು. ಈಗ ಇಲ್ಲೇ ತುಮಕೂರಿನ ಹಾಸ್ಟೆಲಿನಲ್ಲಿದ್ದು ಬಿ.ಕಾಂ. ಓದುತ್ತಿದ್ದಾಳೆ. ಸದಾಶಿವನಗರದ ನಮ್ಮ ಮನೆಗೆ ಆಗಾಗ ಬರುತ್ತಾಳೆ, ಕಾಫಿ ಕುಡಿಯುತ್ತಾಳೆ, ಹೋಗುತ್ತಾಳೆ. ಆವತ್ತು ಕಾಫಿ ಕುಡಿದವಳು ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದು ಟೀಪಾಯಿಯ ಮೇಲಿಟ್ಟಳು. ನೀಲಿ ರಟ್ಟು. ಮೂಲೆಯಲ್ಲಿ ಗ್ರೀಸಿನ ಹೆಬ್ಬೆಟ್ಟಿನ ಗುರುತು. ಯಾರ ಹೆಬ್ಬೆಟ್ಟು ಅಂತ ನಿನಗೆ ಹೇಳಬೇಕೇ? ಮುಚ್ಚಿಹೋದ ನಿನ್ನ ಮೋಟಾರ್ ರಿವೈಂಡಿಂಗ್ ಅಂಗಡಿಯ ಟ್ರಂಕಿನಲ್ಲಿ, ನಿನ್ನ ಕೊನೆಯ ದಿನದ ಬಟ್ಟೆಯ ಜೊತೆ ಸಿಕ್ಕಿತಂತೆ.

ಆ ಪುಸ್ತಕ ಶುರುವಾದ ದಿನ ನೆನಪಿದೆಯಾ? ಆಗ ನಾನು ಗುಬ್ಬಿಯಲ್ಲಿ ಗುಮಾಸ್ತ, ನೀನು ಕುಣಿಗಲ್ಲಿನಲ್ಲಿ ಅಂಗಡಿಯವನು, ಬಿ.ಎ. ಓದಿದ ತುಮಕೂರು ಇಬ್ಬರಿಗೂ ನಡುವೆ. ತಿಂಗಳ ಎರಡನೇ ಶನಿವಾರ ನನಗೆ ರಜೆ. ನೀನು ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತುತ್ತಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಕೂಡಿದರೆ ನೇರ ಮ್ಯಾಟ್ನಿಗೆ. ಊರೆಲ್ಲ ಒಳ್ಳೆಯ ಸಿನಿಮಾ ಹುಡುಕಿದರೆ ನಾವು ಕೆಟ್ಟದ್ದನ್ನು ಹುಡುಕುತ್ತಿದ್ದೆವು. ಟಾಕೀಸಿನ ಎದುರಿನ ಬೀಡಾ ಅಂಗಡಿಯವನನ್ನು ನೀನು ಕೇಳುತ್ತಿದ್ದೆ: "ಹೆಂಗೈತಣ್ಣ ಪಿಚ್ಚರ್ರು?"

"ಥೂ, ತಲೆನೋವು ಕಣ್ರಪ್ಪ. ಹೋಗ್‌ಬ್ಯಾಡಿ."

"ಹಂಗಾರೆ ನಡಿ ಪ್ರಾಸಣ್ಣ, ಇದೇ ನಮ್ದು!"

ನನಗೆ ಹೆತ್ತವರಿಟ್ಟ ಹೆಸರನ್ನು ಕಾಲೇಜಿನಲ್ಲೇ ಕಿತ್ತುಹಾಕಿ ಪ್ರಾಸಣ್ಣ ಅಂತ ಕರೆದವನು ನೀನು. ಮಾತಿಗೊಂದು ಪ್ರಾಸ ಹೊಂದಿಸುವ ಚಟ ನನಗೆ. ಆ ಚಟದಿಂದಲೇ ನಮ್ಮ ಕಾನೂನು ಹುಟ್ಟಿತು. ಪುಸ್ತಕದ ಮೊದಲ ಪುಟದಲ್ಲಿ ನಿನ್ನ ಅಕ್ಷರದಲ್ಲೇ ಇದೆ: "ಸಿನಿಮಾ ಮುಗಿಯುವ ಮೊದಲು ಎದ್ದವನು ಸೋತ. ಸೋತವನು ಆ ಚಿತ್ರವನ್ನು ಹೊಗಳಿ ಪದ್ಯ ಬರೆಯತಕ್ಕದ್ದು. ಪ್ರಾಸ ಕಡ್ಡಾಯ. ಇಬ್ಬರೂ ಏಳದಿದ್ದರೆ 'ಇಬ್ಬರೂ ಗೆದ್ದರು' ಎಂದು ಬರೆಯತಕ್ಕದ್ದು." ಇಂಟರ್ವೆಲ್ಲಿನಲ್ಲಿ ಎದ್ದರೆ ಪರವಾಗಿಲ್ಲ, ಗೇಟು ದಾಟುವಂತಿಲ್ಲ.

ಹಾವು ಕೋರ್ಟಿಗೆ ಬಂದು ಸಾಕ್ಷಿ ಹೇಳಿದ ಸಿನಿಮಾದಲ್ಲಿ ಮೊದಲು ಸೋತವನು ನೀನು. ಹೊರಗೆ ಹೋಗಿ ಬೀಡಿ ಸೇದಿ, ಹೋಟೆಲಿನಲ್ಲಿ ದೋಸೆ ಬರುವುದರೊಳಗೆ ಪದ್ಯ ಬರೆದುಬಿಟ್ಟೆ:

"ಹಾವು ಬಂತು ಕೋರ್ಟಿಗೆ,
ಹೆಡೆಯಿಟ್ಟಿತು ಜಡ್ಜ್ ಕೋಟಿಗೆ,
ಇಂಥ ಚಿತ್ರ ಬಂದೇ ಇಲ್ಲ
ನಮ್ಮ ತುಮಕೂರ್ ಪೇಟೆಗೆ."

ನನ್ನ ಪದ್ಯಗಳಿಗಿಂತ ಚೆನ್ನಾಗಿತ್ತು. ಆ ಹೊಟ್ಟೆಕಿಚ್ಚು ನನಗೆ ಬಹಳ ದಿನ ಇತ್ತು. ನಿನ್ನನ್ನು ಸೋಲಿಸಬೇಕು, ಆದರೆ ನೀನು ಪದ್ಯ ಬರೆಯಬಾರದು! ಇಂಥ ಆಸೆಗೆ ಏನು ಮಾಡುವುದು?

ಶ್ವೇತ ಪುಸ್ತಕದಲ್ಲಿ ಬರೆದಿದ್ದ ಕೊನೆಯ ಪುಟ ತೆಗೆದು ನನ್ನ ಕಡೆ ತಿರುಗಿಸಿದಳು. "ಮಾಮ, ಎಲ್ಲಾ ಸಿನಿಮಾ ಕೆಳಗೂ ಒಂದೋ ಪದ್ಯ ಇದೆ, ಇಲ್ಲಾ 'ಇಬ್ಬರೂ ಗೆದ್ದರು' ಅಂತಿದೆ. ಕೊನೇದಕ್ಕೆ ಮಾತ್ರ ಏನೂ ಇಲ್ಲ. ಬರೀ ಸಿನಿಮಾ ಹೆಸರು. ಆವತ್ತು ಅಪ್ಪ ಎದ್ರಾ, ನೀವು ಎದ್ರಾ?"

ನಾನು ನೀರು ಕುಡಿದೆ. "ಮರೆತುಹೋಗಿದೆ ಕಣಮ್ಮ" ಅಂದೆ. ಮರೆಯುವುದಾ, ಗಂಗ?

ತೊಂಬತ್ತೆಂಟರ ಆ ಶನಿವಾರ ನೀನು ಟಿಕೆಟ್ ಕೌಂಟರಿನ ಕಟ್ಟೆಯ ಮೇಲೆ ಪುಸ್ತಕವಿಟ್ಟು ಸಿನಿಮಾದ ಹೆಸರು ಬರೆದೆ. ಒಳಗೆ ನಮ್ಮ ಮಾಮೂಲಿ ಸಾಲು. ಇಂಟರ್ವೆಲ್ಲಿಗೆ ಸ್ವಲ್ಪ ಮುಂಚೆ ಪರದೆಯ ಮೇಲೆ ಹೀರೋನ ತಾಯಿ ಎದೆ ಹಿಡಿದುಕೊಂಡು ಬಿದ್ದಳು. ಬಿದ್ದವಳು ಮತ್ತೆ ಎದ್ದು ಕೂತು ಒಂದು ಹಾಡು ಶುರು ಮಾಡಿದಳು. ನೀನು ನನ್ನ ಕಿವಿಯ ಹತ್ತಿರ ಬಗ್ಗಿ ಅಂದೆ: "ಲೋ, ಅವ್ಳಿಗೆ ಬಂದಿರೋದೇ ನಂಗೂ ಬಂದೈತೆ ಕಣ್ಲಾ."

ನಾನು ಬಿದ್ದು ಬಿದ್ದು ನಕ್ಕೆ. "ಅವಳು ಹಾಡು ಹೇಳಿ ಸಾಯ್ತಾಳೆ. ನಿಂಗೆ ಹಾಡೂ ಬರಲ್ವಲ್ಲೋ!"

"ತಮಾಷೆ ಅಲ್ಲ ಕಣೋ. ಎಡಗೈ ಜೋಮು ಹಿಡ್ದಂಗೈತೆ. ಎದ್ದು ಹೋಗುಮಾ?"

ಆಗ ನನ್ನ ಬಾಯಿಗೆ ಪ್ರಾಸ ಬಂತು. ಬರಬಾರದಿತ್ತು. ಆದರೆ ಬಂತು. "ಎದೆನೋವೋ, ಕಥೆನೋವೋ? ಎದ್ದು ಹೋದ್ರೆ ನೀನೇ ಸೋತ್ಯೋ!"

ನೀನು ನಕ್ಕೆ. ನಕ್ಕು, ಕೂತೆ.

ಇಂಟರ್ವೆಲ್ಲಿನಲ್ಲಿ ದೀಪ ಹತ್ತಿದಾಗ ನಿನ್ನ ಶರ್ಟು ಬೆನ್ನಿಗೆ ಅಂಟಿಕೊಂಡಿತ್ತು. "ಗ್ಯಾಸು ಕಣೋ, ಸೋಡ ತಗಂಬಾ" ಅಂದೆ. ನಾನು ತಂದುಕೊಟ್ಟೆ. ಸೆಕೆ ಜಾಸ್ತಿ ಅಂದುಕೊಂಡೆ. ಆ ಸಾಲಿನಲ್ಲಿ ಇದ್ದದ್ದು ಒಂದೇ ಫ್ಯಾನು, ಅದು ತಿರುಗುತ್ತಿದ್ದದ್ದು ನಿನ್ನ ತಲೆಯ ಮೇಲೇ. ಈ ಮಾತನ್ನು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿರಲಿಲ್ಲ.

ಸಿನಿಮಾ ಮತ್ತೆ ಶುರುವಾದ ಮೇಲೆ ಹೀರೋನ ಎಡಗೈ ಬ್ಯಾಂಡೇಜು ಬಲಗೈಗೆ ಹೋಯಿತು. ಅಂಥದ್ದು ಕಂಡರೆ ಇಡೀ ಟಾಕೀಸಿಗೆ ಕೇಳುವಂತೆ "ಒಂದು!" ಅಂತ ಎಣಿಸುವವನು ನೀನು. ಆವತ್ತು ಸುಮ್ಮನಿದ್ದೆ. ಸತ್ತ ವಿಲನ್ ಕಣ್ಣು ಮಿಟುಕಿಸಿದ. ಆಗಲೂ ಸುಮ್ಮನಿದ್ದೆ. ನಾನು ನಿನ್ನ ಮೌನವನ್ನು ಹಠ ಅಂದುಕೊಂಡೆ. ಗೆಲ್ಲಲು ಹಲ್ಲು ಕಚ್ಚಿ ಕೂತಿದ್ದೀಯ ಅಂದುಕೊಂಡು ನಾನೂ ಹಲ್ಲು ಕಚ್ಚಿ ಕೂತೆ. ಒಂದು ಸಲ, ಒಂದೇ ಒಂದು ಸಲ ನಿನ್ನ ಕಡೆ ತಿರುಗಿ ನೋಡಿದ್ದರೆ...

ದೀಪ ಹತ್ತಿತು. ಸಿನಿಮಾ ಮುಗಿದಿತ್ತು. ನೀನು "ಗೆದ್ದೆ ಕಣ್ಲಾ" ಅಂದೆ. ಟಾಕೀಸಿನ ಮುಂದಿನ ಮೆಟ್ಟಿಲಿನವರೆಗೆ ನಡೆದೆ. ಅಲ್ಲಿ ಕೂತವನು ಮತ್ತೆ ನಿನ್ನಷ್ಟಕ್ಕೆ ನೀನು ಏಳಲಿಲ್ಲ.

ಆಸ್ಪತ್ರೆಯ ಡಾಕ್ಟರು ಬಾಗಿಲಲ್ಲೇ ಕೇಳಿದರು: "ನೋವು ಶುರುವಾಗಿ ಎಷ್ಟೊತ್ತಾಯ್ತು?" ನೀನಿನ್ನೂ ಉಸಿರಾಡುತ್ತಿದ್ದೆ. ನಿನ್ನ ಕಾಲು ಸ್ಟ್ರೆಚರಿನ ಆಚೆ ಚಾಚಿಕೊಂಡಿದ್ದದ್ದು ಕಾಣುತ್ತಿತ್ತು. ನಾನು "ಈಗ ತಾನೇ ಸಾರ್" ಅಂದೆ. ಯಾಕೆ ಅಂದೆ? ಹೆದರಿದ್ದೆ. "ಎರಡು ಗಂಟೆ ಆಯ್ತಲ್ಲರೀ, ಏನ್ ಮಾಡ್ತಿದ್ರಿ?" ಅಂತ ಕೇಳಿದರೆ, "ಸಿನಿಮಾ ನೋಡ್ತಿದ್ವಿ ಸಾರ್, ಅದೂ ಕೆಟ್ಟ ಸಿನಿಮಾ" ಅನ್ನಬೇಕಿತ್ತಲ್ಲ. ನಿಜ ಹೇಳಿದ್ದರೆ ಅವರು ಬೇರೆ ಏನಾದರೂ ಮಾಡುತ್ತಿದ್ದರೋ? ಆ ಎರಡು ಗಂಟೆ ತಿಳಿದಿದ್ದರೆ ಏನಾದರೂ ಬದಲಾಗುತ್ತಿತ್ತೋ? ಹನ್ನೊಂದು ವರ್ಷದಲ್ಲಿ ಒಬ್ಬ ಡಾಕ್ಟರನ್ನೂ ನಾನು ಕೇಳಿಲ್ಲ. ಅವರು 'ಹೌದು' ಅಂದರೆ ಅಂತ ಭಯ.

ಕುಣಿಗಲ್ಲಿನಿಂದ ಜಯಮ್ಮ ಓಡಿ ಬಂದಾಗ ಎಲ್ಲ ಮುಗಿದಿತ್ತು. ನಿನ್ನ ಹೆಂಡತಿಗೂ ಅದೇ ಸುಳ್ಳು ಹೇಳಿದೆ: "ಸಿನಿಮಾ ಮುಗಿಸಿ ಹೊರಗೆ ಬಂದ ಮೇಲೆ ಒಮ್ಮೆಲೇ ಬಂತು ಕಣಮ್ಮ." ಅವರು ನನ್ನ ಎರಡೂ ಕೈ ಹಿಡಿದು "ಒಬ್ರೇ ಇದ್ದಾಗ ಬರ್ಲಿಲ್ವಲ್ಲ, ನೀವಿದ್ರಲ್ಲ ಅಣ್ಣ, ಅಷ್ಟೇ ಸಾಕು" ಅಂದರು. ಪ್ರತಿ ವರ್ಷ ಹಿರಿಯರ ಹಬ್ಬಕ್ಕೆ ಕರೆಯುತ್ತಾರೆ. ನಿನ್ನ ಫೋಟೋದ ಮುಂದೆ ಎಡೆ ಇಟ್ಟು, ಎದುರಿಗೇ ನನ್ನ ಎಲೆ ಹಾಕುತ್ತಾರೆ. "ಅವ್ರಿಗಿಷ್ಟ ಅಂತ ಮಾಡಿದೀನಿ, ನೀವು ತಿಂದ್ರೆ ಅವ್ರು ತಿಂದಂಗೆ" ಅನ್ನುತ್ತಾರೆ. ತಿನ್ನುತ್ತೇನೆ. ಯಾವ ಮೂಲೆಯಲ್ಲಿ ಕೂತರೂ ಫೋಟೋದಲ್ಲಿ ನೀನು ನನ್ನನ್ನೇ ನೋಡುತ್ತೀಯ. ಫೋಟೋ ತೆಗೆದವನ ತಪ್ಪು ಅಂತ ಸಮಾಧಾನ ಮಾಡಿಕೊಳ್ಳುತ್ತೇನೆ.

ನೀನು ಹೋದ ಮೇಲೆ ನಾನು ಒಂದು ಸಿನಿಮಾವನ್ನೂ ಪೂರ್ತಿ ನೋಡಿಲ್ಲ. ಬಾಗಿಲ ಪಕ್ಕದ ಸೀಟು, ಇಂಟರ್ವೆಲ್ಲಿಗೆ ಮನೆ. ಪ್ರಾಸವೂ ಬರುವುದಿಲ್ಲ. ಬಂದರೆ ನಾಲಿಗೆ ಕಚ್ಚಿಕೊಳ್ಳುತ್ತೇನೆ. ಎದೆಯಲ್ಲಿ ಚಳಕ್ ಅಂದರೆ ಸಾಕು, ಮೆಡಿಕಲ್ ಸ್ಟೋರಿಗೆ ಓಡುತ್ತೇನೆ. ನನ್ನನ್ನು ಕಂಡೊಡನೆ ಅಂಗಡಿಯವನ ಕೈ ತಾನಾಗಿ ಗ್ಯಾಸಿನ ಮಾತ್ರೆಗೆ ಹೋಗುತ್ತದೆ.

ಭಾನುವಾರ ಶ್ವೇತ ಹೊರಡುವ ಮುಂಚೆ ಬಾಗಿಲಲ್ಲಿ ನಿಂತು ಕೇಳಿದಳು: "ನನ್ನನ್ನೂ ಒಂದು ಕೆಟ್ಟ ಸಿನಿಮಾಗೆ ಕರ್ಕೊಂಡ್ಹೋಗಿ ಮಾಮ. ಅಪ್ಪನ ರೂಲ್ಸ್ ಪ್ರಕಾರ. ಬರೋ ಶನಿವಾರ ಸೆಕೆಂಡ್ ಸಾಟರ್‌ಡೇ." ಬೇಡ ಅನ್ನಲು ಒಂದು ಕಾರಣ ಬೇಕಿತ್ತು. ಇದ್ದದ್ದು ಒಂದೇ ಕಾರಣ, ಅದನ್ನು ಹೇಳುವಂತಿರಲಿಲ್ಲ.

ಇವತ್ತು ಹೋದೆವು. ಅದೇ ಟಾಕೀಸು ಕಣೋ. ಸೀಟು ಬದಲಾಯಿಸಿದ್ದಾರೆ, ಮೆಟ್ಟಿಲು ಅವೇ. ಬಾಗಿಲ ಪಕ್ಕ ಕೂರೋಣ ಅಂದೆ. "ಅಲ್ಲಿಂದ ತಪ್ಪು ಕಾಣಲ್ಲ ಮಾಮ" ಅಂತ ನಡುವಿಗೆ ಎಳೆದುಕೊಂಡು ಹೋದಳು. ಸಿನಿಮಾ ಬಹಳ ಕೆಟ್ಟದಾಗಿತ್ತು, ನೀನಿದ್ದಿದ್ದರೆ ಕುಣಿದಾಡುತ್ತಿದ್ದೆ. ಲಗ್ನಪತ್ರಿಕೆಯಲ್ಲಿ ಮದುಮಗಳ ಹೆಸರೇ ಬೇರೆ. "ಒಂದು!" ಅಂದಳು. ಹಳ್ಳಿಯ ಮುದುಕನ ಗಡ್ಡ ಒಂದು ಕಡೆ ಬಿಟ್ಟುಕೊಂಡಿತ್ತು. "ಎರಡು!" ಮುಂದಿನ ಸಾಲಿನವರು ತಿರುಗಿ ನೋಡಿದರು. ಮೂಗಿನಲ್ಲಿ ಗೊರಗೊರ ಅನ್ನುವ ನಿನ್ನದೇ ನಗು. ಹನ್ನೊಂದು ವರ್ಷದ ಮೇಲೆ ಕತ್ತಲಲ್ಲಿ, ಪಕ್ಕದ ಸೀಟಿನಲ್ಲಿ, ಆ ನಗು.

ಆಮೇಲೆ ಅವಳು ಇದ್ದಕ್ಕಿದ್ದಂತೆ ಸುಮ್ಮನಾದಳು. ಪರದೆಯ ಮೇಲೆ ಒಂದೇ ಹಾಡಿನಲ್ಲಿ ಹೀರೋನ ಮೀಸೆ ಬಂತು, ಹೋಯಿತು. ಇವಳು ಮಾತಾಡಲಿಲ್ಲ. ನಾನು ಕಾದೆ. "ಮೂರು" ಅನ್ನಲಿಲ್ಲ. ಕೈ ಎದೆಯ ಹತ್ತಿರ ಇತ್ತು.

"ಶ್ವೇತ, ಏಳು."

"ಮಾಮ, ಎದ್ರೆ ಸೋತ್ರಿ!"

"ಏಳಮ್ಮ ಅಂದ್ರೆ ಏಳು!" ಕೂಗಿಯೇ ಬಿಟ್ಟೆ. ಅವಳ ರಟ್ಟೆ ಹಿಡಿದು, ಯಾರದೋ ಕಾಲು ತುಳಿದು, ಬೈಸಿಕೊಂಡು, ಬಿಸಿಲಿಗೆ ಬಂದೆ. "ಎಲ್ಲಿ ನೋವು? ಕೈ ಜೋಮು ಹಿಡಿದಿದೆಯಾ?"

"ಏನೂ ಆಗಿಲ್ಲ ಮಾಮ, ವೇಲು ಸರಿ ಮಾಡ್ಕೊಂಡೆ ಅಷ್ಟೇ. ಬೋರಾಗ್ತಿತ್ತು." ನನ್ನ ಮುಖ ನೋಡಿ ಅವಳೇ ಹೆದರಿದಳು. "ನೀವ್ಯಾಕ್ ಹಿಂಗೆ ನಡುಗ್ತಿದೀರ?"

ಅದೇ ಮೆಟ್ಟಿಲಿನ ಮೇಲೆ ಕೂತು ಹೇಳಿದೆ. ಎದ್ದು ಹೋಗೋಣ ಅಂದ ನಿನ್ನ ಮಾತು, ನನ್ನ ಪ್ರಾಸ, ಸೋಡ, ಫ್ಯಾನು, ಡಾಕ್ಟರಿಗೆ ಹೇಳಿದ ಸುಳ್ಳು. ಒಳಗಿನಿಂದ ಹಾಡು ಕೇಳುತ್ತಲೇ ಇತ್ತು. ಅವಳು ಕೇಳಿದಳು: "ನೀವು ಹಂಗಂದಾಗ ಅಪ್ಪ ನಕ್ರಾ?"

"ನಕ್ಕ."

"ಸಿನಿಮಾ ಒಳಗೆ ಆಗಿದ್ದು ನಂಗೆ ಅರ್ಥ ಆಗುತ್ತೆ ಮಾಮ. ನೀವಿಬ್ರೂ ಹಂಗೇ ಇದ್ರಿ ಅಂತ ಈ ಪುಸ್ತಕ ನೋಡಿದ್ರೇ ಗೊತ್ತಾಗುತ್ತೆ. ಆದ್ರೆ ಡಾಕ್ಟ್ರಿಗೆ... ಅದು ನಂಗೆ ಅರ್ಥ ಆಗಲ್ಲ."

ಎದ್ದು ಹೊರಟಳು. ಗೇಟಿನವರೆಗೆ ಹೋಗಿ ತಿರುಗಿ ಬಂದಳು. ಅಳುತ್ತಿದ್ದಳು. ನೋಟ್‌ಬುಕ್ಕನ್ನು ನನ್ನ ತೊಡೆಯ ಮೇಲಿಟ್ಟು ಹೇಳಿದಳು: "ಅಮ್ಮಂಗೆ ನಾನು ಹೇಳಲ್ಲ. ನೀವೇ ಹೇಳ್ಬೇಕು. ಮತ್ತೆ, ಇವತ್ತು ಮೊದ್ಲು ಎದ್ದಿದ್ದು ನೀವು. ಬರೀರಿ."

ಮನೆಗೆ ಬಂದು ಬರೆಯಲು ಕೂತೆ. ಇವತ್ತಿನ ಸಿನಿಮಾವನ್ನು ಹೊಗಳಲು ಒಂದು ಸಾಲೂ ಹುಟ್ಟಲಿಲ್ಲ. ಹಿಂದಿನ ಪುಟಕ್ಕೆ ಹೋಗಿ, ನೀನು ಬರೆದಿಟ್ಟ ಹೆಸರಿನ ಕೆಳಗೆ ಇಷ್ಟು ಬರೆದೆ: "ಗಂಗ ಎದ್ದು ಹೋಗೋಣ ಅಂದ. ನಾನು ಬಿಡಲಿಲ್ಲ." ಪ್ರಾಸವಿಲ್ಲ. ಕಾನೂನು ಮುರಿದಿದ್ದೇನೆ, ಬೈಯಬೇಡ.

ನಾಳೆ ಬೆಳಿಗ್ಗೆ ಕುಣಿಗಲ್ ಬಸ್ಸು ಹತ್ತುತ್ತೇನೆ. ಜಯಮ್ಮ ಹಬ್ಬವಲ್ಲದ ದಿನ ನನ್ನನ್ನು ಕಂಡು "ಏನಣ್ಣ, ಇದ್ದಕ್ಕಿದ್ದಂಗೆ?" ಅಂತ ಚಾಪೆ ಹಾಸುತ್ತಾರೆ. ಕಾಫಿಗೆ ಮುಂಚೆ ಹೇಳಿಬಿಡಬೇಕು. ಆಮೇಲೆ ಏನಾಗುತ್ತದೋ ಗೊತ್ತಿಲ್ಲ. ಬೈಯುತ್ತಾರೋ, ಅಳುತ್ತಾರೋ, ಏನೂ ಅನ್ನದೆ ನಿನ್ನ ಫೋಟೋದ ಕಡೆ ತಿರುಗಿ ಕೂರುತ್ತಾರೋ? ಆ ಮೂರನೆಯದಕ್ಕೇ ನನಗೆ ಹೆಚ್ಚು ಹೆದರಿಕೆ.

ಆದರೆ ಒಂದು ಮಾತು ಕೊಡುತ್ತೇನೆ ಗಂಗ. ಅವರು ಹೇಳುವುದೆಲ್ಲ ಹೇಳಿ ಮುಗಿಸುವವರೆಗೆ ನಾನು ಆ ಚಾಪೆಯಿಂದ ಏಳುವುದಿಲ್ಲ.

ನಿನ್ನ
ಪ್ರಾಸಣ್ಣ