ಲಕ್ಷ್ಮೇಶ್ವರದವನು ಮುಟ್ಟಿದ ಡಬ್ಬಿ

ಜೂನ್ 9, ಸೋಮವಾರ

ಮತ್ತೆ ಅದೇ. ಕರೆಂಟು ಹೋಗಿ ಬಂತು, ಕಂಪ್ಯೂಟರಿನ ಹಾಡನ್ನು ಸ್ಪೀಕರಿಗೆ ದಾಟಿಸುವ ಡ್ಯಾಕ್ ಡಬ್ಬಿ ಮೂಕ. ಬಸ್ಸಿಳಿದು ಮನೆಗೆ ಬಂದು ಚೀಲ ಇಡುವ ಮೊದಲೇ ಮಂಜುಳಾ ಹಾಡಿನ ಖೋಲಿಯಿಂದ ಕೂಗಿದಳು. "ರೀ... ಡಬ್ಬಿ ಬಾಯಿ ಮುಚ್ಚೇತ್ರಿ. ಜರಾ ಬರ್ರಿ."

ಹೋದೆ. ಯುಎಸ್‌ಬಿ ವೈರು ಕಿತ್ತೆ, ಹಾಕಿದೆ. ಹಾಡಿಸುವ ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಶುರು ಮಾಡಿದೆ. ಸ್ಪೀಕರಿನಲ್ಲಿ ಹನಮಂತವ್ವ ಅಕ್ಕಾರ ದನಿ. ಸೊರಟೂರಿನವರು, ಮಂಜುಳಾಗೆ ಹಾಡು ಕಲಿಸಿದವರು. ಈಗಿಲ್ಲ. ಅವರ ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಟ್ಟವನು ನಾನೇ. ಮೊಬೈಲಿನಲ್ಲಿ ಒತ್ತಿದರೆ ಅಕ್ಕಾರು ಹಾಡುತ್ತಾರೆ, ಇವಳು ಜೊತೆಗೆ ಹಾಡುತ್ತಾಳೆ.

ನನಗೆ ಭೀಮಪಲಾಸವೂ ಒಂದೇ, ಶಿರಹಟ್ಟಿ ಬಸ್ಸಿನ ಹಾರ್ನೂ ಒಂದೇ. ದನಿ ಬಂತು ಅಂದರೆ ನನ್ನ ಕೆಲಸ ಮುಗಿಯಿತು. ಎದ್ದು ಬಂದೆ. "ಛಲೋ ಆತ್ರಿ" ಅಂದಳು. ಆ ಒಂದು ಮಾತಿಗೆ ಶಿರಹಟ್ಟಿ ಆಫೀಸಿನ ದಣಿವೆಲ್ಲ ಹೋಗುತ್ತದೆ. ಖರೆ.

ಜೂನ್ 12

ಕಂಪ್ಯೂಟರ್ ಇನ್ವರ್ಟರ್ ಮೇಲೆ, ಡಬ್ಬಿ ಸಾದಾ ಲೈನಿನ ಮೇಲೆ. ಕರೆಂಟು ಹೋದಾಗ ಡಬ್ಬಿ ಮಾತ್ರ ಸಾಯುತ್ತದೆ. ಬಂದ ಮೇಲೆ ಕಂಪ್ಯೂಟರಿಗೆ ಅದರ ಗುರುತು ಹತ್ತುವುದಿಲ್ಲ. ಅದಕ್ಕೇ ಈ ಗೋಳು.

"ಡಬ್ಬೀನೂ ಇನ್ವರ್ಟರಿಗೆ ಯಾಕ ಹಾಕಬಾರದ್ರಿ?" ಎಂದು ಕೇಳಿದಳು.

"ಲೋಡ್ ಹೆಚ್ಚಾಕ್ಕೈತಿ."

ಸುಳ್ಳು. ಆ ಡಬ್ಬಿ ಎಷ್ಟು ತಿಂದೀತು? ಹಾಕಿಬಿಟ್ಟರೆ ನನ್ನನ್ನು ಆಮೇಲೆ ಯಾರು ಕರೆಯುತ್ತಾರೆ.

ಜೂನ್ 15, ರವಿವಾರ

ಮಂಜುಳಾಳ ಹತ್ತಿರ ಕಲಿಯುವ ಹುಡುಗಿಯರ ಕಾರ್ಯಕ್ರಮ, ಇಲ್ಲೇ ಬೆಟಗೇರಿಯಲ್ಲಿ. ಮೈಕ್ ಸೆಟ್ ಲಕ್ಷ್ಮೇಶ್ವರದಿಂದ. ತಂದವನ ಹೆಸರು ಅಯ್ಯೂಬ. ನಮ್ಮದೇ ವಯಸ್ಸು, ತಲೆ ತುಂಬ ಕೂದಲು. ತಬಲಾದವನು ಕೈಕೊಟ್ಟ. ಈ ಮಹರಾಯ ಮೈಕ್ ಜೋಡಿಸಿ, ಕೈ ಒರೆಸಿಕೊಂಡು, ತಾನೇ ಕುಳಿತು ಬಾರಿಸಿಬಿಟ್ಟ!

ಕೊನೆಗೆ ಮಂಜುಳಾಳೂ ಹಾಡಿದಳು. ಮುಗಿದ ಮೇಲೆ ಅವಳದೂ ಅವನದೂ ಮಾತೇ ಮಾತು.

"ಅಕ್ಕಾರ, ಅಂತರಾದಾಗ ನಿಮ್ಮ ನಿಷಾದ ಏನ್ ಹತ್ತಿತ್ರಿ!" ಎಂದ ಅಯ್ಯೂಬ.

"ನೀವು ಲಯ ಹಿಡಕೊಂಡು ನಿಂತ್ರಿ, ಅದಕ್ಕ ಹತ್ತಿತು."

ನಾನು ಚಹಾದ ಕಪ್ಪು ಹಿಡಿದು ನಿಂತಿದ್ದೆ. ನಿಷಾದ ಅಂದರೇನು, ಎಲ್ಲಿ ಹತ್ತಿತು, ಯಾರಿಗೆ ಹತ್ತಿತು, ದೇವರಿಗೇ ಗೊತ್ತು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಅಂತಾರಲ್ಲ, ಆ ಕತ್ತೆಯ ಕೈಯಲ್ಲಿ ಚಹಾ ಆರುತ್ತಿತ್ತು. ಇಷ್ಟು ವರ್ಷದಲ್ಲಿ ಅವಳು ನನ್ನ ಜೊತೆ ಹಾಗೆ ಕೈ ಆಡಿಸಿ ಆಡಿಸಿ ಮಾತಾಡಿದ್ದಿಲ್ಲ.

ಜೂನ್ 19

ಮೈ ಉರಿಯುತ್ತಿದೆ. ಬರೆದರಾದರೂ ಇಳಿಯುತ್ತದೇನೋ.

ಸಂಜೆ ಬಂದರೆ ಬಾಗಿಲಲ್ಲಿ ಬೇರೆಯವರ ಚಪ್ಪಲಿ. ಹಾಡಿನ ಖೋಲಿಯಲ್ಲಿ, ಡಬ್ಬಿಯ ಮುಂದೆ, ನಾನು ಕೂರುವ ಮಣೆಯ ಮೇಲೆ — ಅಯ್ಯೂಬ. ಮಗ್ಗುಲಲ್ಲಿ ಅವಲಕ್ಕಿಯ ತಾಟು.

"ಬರ್ರಿ ಕನಕರಾಜ ಸರ್. ನೀವು ಪ್ರೋಗ್ರಾಮಿನಾಗ ಡಬ್ಬಿಗೆ ನಂಬರ್ ಕೊಟ್ಟೀರಿ. ಕರೆಂಟ್ ಬಂದ ಮ್ಯಾಲೆ ಅದಕ್ಕ ಬ್ಯಾರೆ ನಂಬರ್ ಬೀಳತೈತಿ. ಕಂಪ್ಯೂಟರ್ ಹಳೇ ನಂಬರ್ ಹುಡುಕ್ಕೋತ ಕುಂಡರತೈತಿ. ನಂಬರ್ ತಗದು ಹೆಸರು ಬರದೇನ್ರಿ. ಡಬ್ಬಿ ಬಂದ ಕೂಡ್ಲೆ ತಾನ ಚಾಲೂ ಆಗೂಹಂಗ ಪ್ರೋಗ್ರಾಮಿನಾಗ ಒಂದು ಸಾಲೂ ಹಾಕೇನಿ. ನೋಡ್ರಿ ಬೇಕಾದ್ರ."

ಸ್ವಿಚ್ ಆರಿಸಿದ. ಹಾಕಿದ. ಒಂದು ಗಳಿಗೆ ಬಿಟ್ಟು ಅಕ್ಕಾರು ಹಾಡತೊಡಗಿದರು.

ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎಂದೋ ಓದಿದ್ದೆ. ಮಾಡಿರಲಿಲ್ಲ, ಅಷ್ಟೇ.

"ಯಾರು ಕರಸಿದ್ದು?" ಅವನು ಹೋದ ಮೇಲೆ ಕೇಳಿದೆ.

"ನಾನ ಕರಸಿದೆ. ಅಯ್ಯೂಬಣ್ಣಗ ಇದೆಲ್ಲಾ ಬರತೈತಿ."

ಅಣ್ಣ ಅಂತೆ. ಅಣ್ಣ ಅಂದುಬಿಟ್ಟರೆ ಮುಗಿಯಿತೇ?

ಜೂನ್ 28

ಕರೆಂಟು ಹೋಯಿತು. ಬಂತು. ಹಾಡು ತಾನೇ ಶುರುವಾಯಿತು. ಯಾರೂ ಕರೆಯಲಿಲ್ಲ. ಪಡಸಾಲೆಯಲ್ಲಿ ಕೂತು ಅದೇ ಪೇಪರನ್ನು ಮತ್ತೆ ಮತ್ತೆ ಓದಿದೆ.

ಜೂನ್ 29, ರವಿವಾರ

ಅವಳು ಮುಂಡರಗಿಗೆ ಹೋಗಿದ್ದಾಳೆ, ತಂಗಿ ಕಾವೇರಿಯ ಮನೆಗೆ. ಕಂಪ್ಯೂಟರ್ ತೆಗೆದೆ. ಅವನ ಸಾಲು ಅಳಿಸಿದೆ. ಹೆಸರು ತೆಗೆದು ನಂಬರ್ ಹಾಕಿದೆ.

ನನ್ನ ಮನೆ, ನನ್ನ ಕಂಪ್ಯೂಟರ್. ಯಾರಿಗೆ ಹೆದರಬೇಕು? ಆದರೂ ಮಾಡುವಾಗ ಬಾಗಿಲು ಮುಚ್ಚಿಕೊಂಡಿದ್ದೆ.

ಜುಲೈ 1

ಇಂದು ರಜೆ ಹಾಕಿದ್ದೆ. ಮಧ್ಯಾಹ್ನ ಕರೆಂಟು ಹೋಗಿ ಬಂತು. ಡಬ್ಬಿ ಮೂಕ. ಕಿವಿ ನೆಟ್ಟಗೆ ಮಾಡಿಕೊಂಡು ಕೂತೆ. ಈಗ ಕರೆಯುತ್ತಾಳೆ, ಈಗ ಕರೆಯುತ್ತಾಳೆ...

ಕರೆದಳು. ಫೋನಿನಲ್ಲಿ. ಅವನನ್ನು!

ಸಂಜೆ ಬಂದ. ಸ್ಕ್ರೀನ್ ನೋಡಿದ. ಆಮೇಲೆ ನನ್ನನ್ನು ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ ನಾನು ಸುಮ್ಮನೆ ಕೆಮ್ಮಿದೆ.

"ವೈರ್ ಸಡಿಲ ಆಗಿತ್ರಿ ಅಕ್ಕಾರ, ಅಷ್ಟ" ಅಂದ. ಸದ್ದಿಲ್ಲದೆ ಸಾಲು ಮತ್ತೆ ಬರೆದ. ಹೊರಗೆ ಗಾಡಿ ಹತ್ತುವಾಗ ನನಗೊಬ್ಬನಿಗೇ ಕೇಳುವಂತೆ: "ಸರ್, ಡಬ್ಬಿ ನಿಮ್ಮದು, ಮನೀನೂ ನಿಮ್ಮದು. ಇನ್ನ ಮ್ಯಾಲೆ ನಾ ಬರೂದಿಲ್ರಿ."

ಅವಳ ಮುಂದೆ ಹೇಳಿಬಿಟ್ಟಿದ್ದರೆ ಜಗಳವಾದರೂ ಆಡುತ್ತಿದ್ದೆ. ದೊಡ್ಡ ಮನುಷ್ಯನಾಗಿ ಹೋದ, ಹರಾಮಖೋರ. ಅವನ ಮೇಲೆ ಇನ್ನೂ ಹೊಟ್ಟೆಕಿಚ್ಚಾಗುತ್ತಿದೆ.

ಜುಲೈ 2

ಏನೂ ಬರೆಯುವುದಿಲ್ಲ.

ಜುಲೈ 6, ರವಿವಾರ

ಊಟಕ್ಕೆ ಕೂತಾಗ ಬಾಯಿ ತಪ್ಪಿತು. "ಇನ್ನ ಎಲ್ಲಾ ನಿನ್ನ ಅಯ್ಯೂಬಣ್ಣನ್ನ ಕೇಳ್ಕೊ. ನಾ ಯಾಕ ಬೇಕು ಈ ಮನ್ಯಾಗ?"

ರೊಟ್ಟಿ ಬಡಿಯುವುದು ನಿಂತಿತು.

"ವೈರ್ ಸಡಿಲ ಇರಲಿಲ್ಲ. ಅವತ್ತ ನಾನ ಒತ್ತಿ ನೋಡಿದ್ದೆ. ಹೇಳ್ರಿ, ಯಾರು ಕೆಡಿಸಿದ್ರು?"

ನಾನು ಪಲ್ಯ ಹಾಕಿಕೊಳ್ಳಹೋದೆ.

"ವೈರ್ ಕಿತ್ತು ಹಾಕಾಕ ನನಗ ಬರೂದಿಲ್ಲ ಅಂತ ತಿಳದೀರೇನು? ನೀವು ಹಗಲೆಲ್ಲಾ ಶಿರಹಟ್ಟ್ಯಾಗ ಇರತೀರಿ. ಆಗೇನು ಕರೆಂಟ್ ಹೋಗೂದಿಲ್ಲೇನು? ಆಗ ಯಾರು ಮಾಡತಿದ್ರು?"

ಅಯ್ಯೋ. ಇಷ್ಟು ದಿನ ಇದು ನನ್ನ ತಲೆಗೇ ಹೊಳೆದಿರಲಿಲ್ಲ.

"ಹಂಗಾರ ನನ್ನ ಯಾಕ ಕರೀತಿದ್ದಿ?"

"ನೀವು ಆ ಖೋಲಿಗೆ ಬರತಿದ್ದುದು ಅದು ಕೆಟ್ಟಾಗ ಅಷ್ಟ. ಅದಕ್ಕ ಕರೀತಿದ್ದೆ. ದನಿ ಬಂದ ಕೂಡ್ಲೆ ಎದ್ದು ಹೋಗತಿದ್ರಿ. ನಾ ಹಾಡಾಕ ಬಾಯಿ ತಗಿಯೂದ್ರಾಗ ನಿಮ್ಮ ಬೆನ್ನು ಕಾಣತಿತ್ತು. ಕೆಡೂದ ನಿಂತ್ರ, ಹಾಡು ಕೇಳಾಕರ ಬಂದಾರು ಅಂತ ಅಯ್ಯೂಬಣ್ಣನ್ನ ಕರಸಿದೆ. ನೀವು ಅದನ್ನೂ ಕೆಡಿಸಿದ್ರಿ."

"ನನಗ ಹಾಡು ತಿಳಿಯೂದಿಲ್ಲ ಮಂಜುಳಾ."

"ತಿಳೀಬೇಕಂತ ಯಾರಂದ್ರು? ಕುಂಡ್ರಬೇಕು."

ಅಳುತ್ತಿದ್ದಳು. ಒಲೆಯ ಮೇಲೆ ರೊಟ್ಟಿ ಸೀಯಿತು. ಇಬ್ಬರೂ ಏಳಲಿಲ್ಲ.

ಜುಲೈ 7, ಸಂಜೆ

ಖೋಲಿಯಲ್ಲೇ ಕುಳಿತು ಬರೆಯುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕಲ್ಲ. ಸ್ಪೀಕರಿನಲ್ಲಿ ಅಕ್ಕಾರು, ಚಾಪೆಯ ಮೇಲೆ ಇವಳು. ಎಲ್ಲಿ ವಾಹ್ ಅನ್ನಬೇಕು ಎಂದು ಅಯ್ಯೂಬನಿಗೆ ಗೊತ್ತಿರುತ್ತಿತ್ತು. ಇರಲಿ, ಅವನು ಲಕ್ಷ್ಮೇಶ್ವರದಲ್ಲಿದ್ದಾನೆ.

ನಾನೂ ಒಮ್ಮೆ ವಾಹ್ ಅಂದೆ. ತಪ್ಪು ಜಾಗ. ಹಾಡು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನ ಮುಂದೆ ಹೀಗೆ ನಕ್ಕಿರಲಿಲ್ಲ. ನೋಡಿದ್ದೇನೆ, ಚೆನ್ನಾಗಿ ನೋಡಿದ್ದೇನೆ.

ಕರೆಂಟು ಹೋಯಿತು. ಇನ್ವರ್ಟರಿನ ದೀಪ ಇದೆ. ಸ್ಪೀಕರ್ ಬಂದ್. ರೂಢಿಯ ಮೇಲೆ ಏಳಹೋದೆ, ಅಂಗಿ ಜಗ್ಗಿ ಕೂರಿಸಿದಳು. ಅಕ್ಕಾರ ದನಿ ಇಲ್ಲ, ಸ್ಪೀಕರ್ ಇಲ್ಲ. ಒಬ್ಬಳೇ ಹಾಡುತ್ತಿದ್ದಾಳೆ. ಇಷ್ಟು ವರ್ಷ ಇದೇ ಮನೆಯಲ್ಲಿದ್ದೂ ಈ ದನಿ ನಾನು ಯಾವತ್ತೂ ಕೇಳೇ ಇರಲಿಲ್ಲ. ಪೆನ್ನು ಕೆಳಗಿಡುತ್ತೇನೆ.