ಚಹಾ ಆದ ಮೇಲೆ ಅಳತೆ

ಏಪ್ರಿಲ್ 6, ಶನಿವಾರ

ಇವತ್ತೂ ಹೊಂದಲಿಲ್ಲ. ಮಾವ ಹಾರಿಸುವ ಪುಟ್ಟ ಮಾದರಿ ಜೆಟ್ ಎರಡು ಲೀಟರ್ ಸೀಮೆಎಣ್ಣೆ ಕುಡಿದಿದೆ ಎಂದಿತು ರಿಮೋಟ್. ಟ್ಯಾಂಕ್ ತುಂಬಿಸಿದರೆ ಹಿಡಿದದ್ದು ಎರಡೂಕಾಲು. ರಿಮೋಟಿನ ಲೆಕ್ಕವನ್ನು ಮತ್ತೆ ತಿದ್ದಿದೆ.

ಮಾವನ ಪದ್ಧತಿ — ಹಾರಿಸಿ ಬಂದು ಮೊದಲು ಚಹಾ, ಆಮೇಲೆ ಅಳತೆ. ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದವರು. "ಬಿಸಿ ಎಂಜಿನ್ ಹತ್ರ ಎಣ್ಣೆ ತರಬೇಡ. ಅದೂ ತಣ್ಣಗಾಗ್ಲಿ, ನೀನೂ ತಣ್ಣಗಾಗು."

ಆಕಾಶದ ವಿಮಾನ ಕಾಣುತ್ತದೆ ಅವರಿಗೆ, ಕೈಯಲ್ಲಿನ ರಿಮೋಟಿನ ಅಂಕಿ ಕಾಣದು. ಹಿಂದಿನ ಜೆಟ್ ಎಣ್ಣೆ ಮುಗಿದು ಜೋಳದ ಹೊಲಕ್ಕೆ ಬಿತ್ತು. ಈಗ ಉಳಿದ ಎಣ್ಣೆಯನ್ನು ರಿಮೋಟೇ ಕೂಗಿ ಹೇಳುತ್ತದೆ. "ಇದು ನಿಜ ಹೇಳೋ ದಿನ ಹೆಂಡ್ತೀನ ಕರ್ಕೊಂಡು ಹೊರಡು" ಎಂದಿದ್ದಾರೆ. ಅತ್ತೆ ತೀರಿಕೊಂಡಾಗ ಹೆಂಡತಿ ರೌಷನ್ ಜೊತೆ ಅವಳ ತವರಿಗೆ ಒಂದು ಚಳಿಗಾಲಕ್ಕೆಂದು ಬಂದವನು ನಾನು. ಎರಡನೆಯದೂ ಮುಗಿಯಿತು...

ಏಪ್ರಿಲ್ 14

ನಮ್ಮೂರು ಕೊಸ್ತನಾಯ್‌ನಿಂದ ಅಮ್ಮನ ಫೋನ್. ನಮ್ಮ ಕೋಣೆಗೆ ಸುಣ್ಣ ಹೊಡೆಸಿದ್ದಾಳಂತೆ. "ಸೊಸೆ ಕೈಯ ಚಹಾ ಕುಡಿಯೋ ಯೋಗ ಇದೆಯೋ ಇಲ್ವೋ."

ಪಕ್ಕದ ಮನೆಯ ತುರಾರ್ ಬೇಲಿ ಮೇಲಿಂದ — "ಏನಪ್ಪಾ ನಾಯಿಮರಿ ಅಳಿಯ, ಸರಪಳಿ ಇನ್ನೂ ಬಿಚ್ಚಿಲ್ವಾ?" ನಕ್ಕೆ. ಹೆಂಡತಿಯ ಮನೆಯಲ್ಲಿ ಉಳಿದವನಿಗೆ ಇಲ್ಲಿ ಅದೇ ಹೆಸರು.

ಟ್ಯಾಂಕ್ ಈ ಸಲ ರಿಮೋಟ್ ಹೇಳಿದ್ದಕ್ಕಿಂತ ಕಡಿಮೆ ಹಿಡಿಯಿತು. ಹಾಗಾದರೆ ಸೋರಿಕೆಯೂ ಅಲ್ಲ. ಪಂಪ್ ಬದಲಿಸಿದೆ.

ರೌಷನ್ ಕೇಳಿದಳು, "ಯಾವಾಗ ಹೊರಡೋದು ನಾವು?" ಹಿಟ್ಟು ನಾದುತ್ತಲೇ ಕೇಳಿದಳು.

ಮೇ 5

ಬರೆಯಲು ಏನಿದೆ. ಹಾರಿಸು, ಚಹಾ, ಅಳೆ, ತಿದ್ದು. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ.

ಈಗ ಮಾವನ ಮೇಲೇ ಅನುಮಾನ. ನನ್ನನ್ನು ಕಟ್ಟಿಹಾಕಲು ಮುದುಕನೇ ಎಣ್ಣೆ ಕದಿಯುತ್ತಿರಬೇಕು. ಕೇಳುವುದು ಹೇಗೆ? ಮಾವನೆದುರು ಕಾಲು ಚಾಚಿ ಕೂತವನೂ ಅಲ್ಲ ನಾನು.

ಮೇ 11

ಮಾವ ಚಹಾಕ್ಕೆ ಕೂತವರು ಕದಲಲಿಲ್ಲ. ಕೈ ತೊಳೆಯುವ ನೆಪದಲ್ಲಿ ಜೆಟ್ ಇಟ್ಟ ಶೆಡ್ಡಿಗೆ ಹೋದೆ.

ರೌಷನ್. ಮೊಣಕಾಲೂರಿ ಸಿರಿಂಜ್‌ನಿಂದ ಟ್ಯಾಂಕಿನ ಎಣ್ಣೆ ಎಳೆದು ಉಪ್ಪಿನಕಾಯಿ ಜಾಡಿಗೆ ಬಿಡುತ್ತಿದ್ದಳು.

"ಹೊರಡೋಣ ಅಂತಿದ್ದವಳು ನೀನೇ ಅಲ್ವಾ?"

"ಹಾಗನ್ನದೇ ಇದ್ದಿದ್ರೆ ನಿಮಗೆ ಅವತ್ತೇ ಗೊತ್ತಾಗ್ತಿತ್ತು." ಸಿರಿಂಜ್ ಒರೆಸಿದಳು. "ಒಂದು ದಿನ ಎಳೀತೀನಿ, ಒಂದು ದಿನ ಬಿಡ್ತೀನಿ, ಲೆಕ್ಕ ಕೂಡೋದಿಲ್ಲ. ನಿಮ್ಮನೇಲಿ ನಾನು ಸೊಸೆ. ಎಲ್ಲರಿಗಿಂತ ಮೊದ್ಲು ಏಳೋಳು, ಎಲ್ಲರಾದ್ಮೇಲೆ ಕೂರೋಳು. ಇಲ್ಲಿ ಮಗಳು."

"ಅಪ್ಪನ ವಿಮಾನ ಬಿದ್ರೆ?"

"ರಿಮೋಟು ಜಾಸ್ತಿ ಕುಡೀತು ಅಂತ ತೋರಿಸಿದ್ರೆ ಬೇಗ ಇಳಿಸ್ತಾರೆ. ಅಷ್ಟು ಯೋಚನೆ ಮಾಡಿದೀನಿ."

ಜಾಡಿಯದ್ದನ್ನು ವಾಪಸ್ ಸುರಿದೆ. ಅಳೆದೆ. ತಿದ್ದಿದೆ.

ಮೇ 12

ಹಾರಿಸಿದೆವು. ಚಹಾ. ಇವತ್ತು ರೌಷನ್ ಎದ್ದು ಹೋಗಲಿಲ್ಲ. ನನ್ನ ಬಟ್ಟಲಿಗೆ ಅರ್ಧ ಮಾತ್ರ ಸುರಿದಳು — ಇಲ್ಲಿ ತುಂಬಿಸಿ ಕೊಟ್ಟರೆ ಎದ್ದು ಹೋಗು ಎಂದರ್ಥ, ಅರ್ಧ ಕೊಟ್ಟರೆ ಇನ್ನೂ ಕೂರು ಎಂದು.

ಅಳೆದೆ. ಹನಿಯೂ ಹೆಚ್ಚುಕಡಿಮೆ ಇಲ್ಲ.

"ಎಷ್ಟು ಬಂತೋ?" ಒಳಗಿನಿಂದ ಮಾವ. ರೌಷನ್ ಬಾಗಿಲಲ್ಲಿ ಕೆಟಲ್ ಹಿಡಿದು ನಿಂತಿದ್ದಳು.

"ಇನ್ನೂ ಹೊಂದಿಲ್ಲ, ಮಾವ."

"ಹ್ಞೂಂ... ಬಾ, ಚಹಾ ಆರುತ್ತೆ."

ಮೇ 19

ಅಮ್ಮನ ಫೋನ್ ಬಡಿದುಕೊಳ್ಳುತ್ತಿದೆ. ರೌಷನ್ ನೋಡುತ್ತಿದ್ದಾಳೆ. ಎತ್ತಬೇಕು. ಅಳತೆ ಇನ್ನೂ ಸರಿಬಂದಿಲ್ಲಮ್ಮ ಎಂದು ಹೇಳಿದರೆ ಅಮ್ಮ ನಂಬಿಯಾಳೇ —